ಹೋಲಿಕೆಗೆ ಇಟ್ಟ ರಕ್ತ

ನೆಗಡಿ ಬಂದದ್ದಕ್ಕಿಂತ, ನೆಗಡಿ ಬಂದಿದೆಯೆಂದು ತನ್ನ ಬದಲು ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯ ರಕ್ತ ತೆಗೆದದ್ದೇ ಬೆಳಗಿನಿಂದ ಅವಳನ್ನು ಚುಚ್ಚುತ್ತಿತ್ತು. ಇದೂ ಒಂದು ಸಂಕಟವೇ ಎಂದು ಕೇಳಿದವರು ನಕ್ಕಾರು. ನಗಲಿ. ಪ್ರಯೋಗಶಾಲೆಯ ಕಿಟಕಿ ಪಕ್ಕದ ಆ ಕುರ್ಚಿ, ಅದರ ಅಗಲವಾದ ಕೈಹಿಡಿ, ತೋಳಿನ ಕೆಳಗೆ ಹಾಸುವ ಒರಟು ಕಾಗದ, ಇವೆಲ್ಲ ಇಷ್ಟು ವರ್ಷ ಅವಳವೇ ಆಗಿದ್ದವು. ಅಲ್ಲಿನ ಪದ್ಧತಿಯೇ ಹಾಗೆ. ಸಕ್ಕರೆ ಕಾಯಿಲೆಯ ಮಕ್ಕಳ ರಕ್ತ ಪರೀಕ್ಷೆಗೆ ಬಂದ ದಿನ ಅದರ ಜೊತೆಗೇ ಆರೋಗ್ಯವಂತರೊಬ್ಬರ ರಕ್ತವನ್ನೂ ಹೋಲಿಕೆಗೆ ಇಡಬೇಕು. ಆರೋಗ್ಯವಂತರನ್ನು ಬೀದಿಯಲ್ಲಿ ಹುಡುಕಿಕೊಂಡು ಹೋಗುವವರು ಯಾರು? ಕೆಲಸದವರಲ್ಲೇ ಒಬ್ಬರು ತೋಳು ಚಾಚುತ್ತಾರೆ. ಸೇರಿದ ಹೊಸತರಲ್ಲಿ ಅವಳು ಚಾಚಿದಳು, ಆಮೇಲೆ ಯಾರೂ ಬೇರೆ ತೋಳು ಕೇಳಲಿಲ್ಲ. ರಕ್ತನಾಳ ಚೆನ್ನಾಗಿ ಸಿಗುತ್ತದೆ, ತಲೆ ಸುತ್ತುವುದಿಲ್ಲ, ರಜೆ ಹಾಕುವುದಿಲ್ಲ. 'ನಾರ್ಮಲಮ್ಮ' ಎಂದು ಯಾರೋ ತಮಾಷೆಗೆ ಕರೆದದ್ದು ಉಳಿದುಕೊಂಡಿತು. ಲಿಫ್ಟಿನವನೂ ಹಾಗೇ ಕರೆಯುತ್ತಿದ್ದ. ಅವಳು ಮುಖ ಸಿಂಡರಿಸುತ್ತಿದ್ದಳು, ಒಳಗೊಳಗೇ ಹಿಗ್ಗುತ್ತಿದ್ದಳು. ಚಿಕ್ಕಂದಿನಲ್ಲಿ ಅಂದ ಚಂದವೆಲ್ಲ ಅಕ್ಕನ ಪಾಲಿಗೆ ಹೋಗಿತ್ತು, ಬಂದವರು ಅಕ್ಕನ ಗಲ್ಲ ಹಿಡಿದು ಮಾತಾಡಿಸಿ, ಇವಳ ಕಡೆ ತಿರುಗಿ ಏನು ಹೇಳುವುದೆಂದು ತೋಚದೆ ನಿಂತಾಗ ಅಮ್ಮ ಮಧ್ಯೆ ಬಾಯಿ ಹಾಕುತ್ತಿದ್ದಳು: "ಇವಳಿಗೆ ಒಂದು ದಿನ ಜ್ವರ ಅಂತ ಬಂದಿಲ್ಲ ನೋಡಿ, ಕಲ್ಲು ತಿಂದು ಕಲ್ಲು ಅರಗಿಸ್ಕೋತಾಳೆ." ಹೇಳಿಕೊಳ್ಳಲು ಬೇರೇನೂ ಇಲ್ಲದ ಮಗಳಿಗೆ ಅಮ್ಮ ಕೊಟ್ಟ ಬಿರುದು ಅದು.

ಹೊಸ ಹುಡುಗಿ ಸೂಜಿ ಕಂಡು ಕಣ್ಣು ಮುಚ್ಚಿಕೊಂಡಿದ್ದಳು, ಉಸಿರು ಬಿಗಿಹಿಡಿದಿದ್ದಳು. ಇಂಥವಳ ರಕ್ತವನ್ನು ಅಳತೆಗೋಲು ಮಾಡಿಕೊಂಡರೆ ಆಯಿತು ಕತೆ ಎಂದು ಮನಸ್ಸಿನಲ್ಲೇ ಅಂದುಕೊಂಡು, ಮೂಗು ಸೀಟಿ, ಎರಡು ಜೊತೆ ಕೈಗವಸು ಬದಲಾಯಿಸಿ ಅವಳು ಕೆಲಸಕ್ಕೆ ಕೂತಳು. ಬಿಳಿ ರಕ್ತಕೋಶಗಳನ್ನು ಬೇರೆ ಮಾಡಿ, ಅವಕ್ಕೆ ಎರಡು ಬಣ್ಣ ಹಾಕಬೇಕು. ಇನ್ಸುಲಿನ್ನಿನ ತುಣುಕನ್ನು ಗುರುತು ಹಿಡಿದಿಟ್ಟುಕೊಂಡ ಕೋಶಗಳಿಗೆ ಮಾತ್ರ ಅಂಟುವ ಬಣ್ಣ ಒಂದು. ಕೆರಳಿ ನಿಂತ ಕೋಶಗಳ ಮೈಮೇಲೆ ಮಾತ್ರ ಕೂರುವ ಬಣ್ಣ ಇನ್ನೊಂದು. ಆಮೇಲೆ ಯಂತ್ರದೊಳಗೆ ಕೋಶಗಳು ಒಂದೊಂದಾಗಿ ಲೇಸರಿನ ಮುಂದೆ ಹಾದುಹೋಗುತ್ತವೆ, ಪ್ರತಿಯೊಂದಕ್ಕೂ ಪರದೆಯ ಮೇಲೆ ಒಂದು ಚುಕ್ಕಿ ಬೀಳುತ್ತದೆ. ಎರಡೂ ಬಣ್ಣ ಹೊತ್ತವು ಬಲಗಡೆ ಮೇಲಿನ ಮೂಲೆಗೆ ಹೋಗಿ ಸೇರುತ್ತವೆ. ನೋಡಬೇಕಾದದ್ದು ಆ ಮೂಲೆಯನ್ನು. ಲ್ಯಾಬಿನ ಯಜಮಾನರಾದ ಡಾಕ್ಟರು ನೋಡಲು ಬಂದವರಿಗೆಲ್ಲ ಕೈ ಹೊಸೆಯುತ್ತಾ ವಿವರಿಸುತ್ತಿದ್ದರು. ಹೊರಗಿನ ಸೋಂಕಿನ ಮೇಲೆ ಬೀಳಬೇಕಾದ ಕೋಶಗಳು ಇವು, ಏನು ಕಂಡು ಕೆರಳುತ್ತವೋ ಏನೋ, ಮೈಯೊಳಗೇ ಇನ್ಸುಲಿನ್ ಮಾಡುವ ಪಾಪದ ಕೋಶಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತವೆ, "ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ." ಪ್ರತಿ ಸಲವೂ ಆ ಗಾದೆ ತಮಗೆ ಆಗ ತಾನೇ ಹೊಳೆದದ್ದು ಎಂಬಂತೆ ಹೇಳುತ್ತಿದ್ದರು. ಅವಳು ಪ್ರತಿ ಸಲವೂ ನಗಬೇಕಿತ್ತು.

ಯಾವ ಚುಕ್ಕಿ ಕೆರಳಿದ್ದು, ಯಾವುದು ಸುಮ್ಮನೆ ಎಲ್ಲರ ರಕ್ತದಲ್ಲೂ ತಿರುಗಾಡುವಂಥದ್ದು ಎಂದು ಯಂತ್ರ ತಾನಾಗಿ ಹೇಳುವುದಿಲ್ಲ. ಪರದೆಯ ಮೇಲೆ ಒಂದು ಗೆರೆ ಎಳೆಯಬೇಕು, ಎಳೆಯುವುದು ಅವಳ ಕೆಲಸ. ಮೊದಲು ಹೋಲಿಕೆಯ ರಕ್ತ ಓಡಿಸಿ, ಆರೋಗ್ಯವಂತರಲ್ಲೇ ಇಷ್ಟು ಚುಕ್ಕಿ ಇರುತ್ತದೆಂದರೆ ಅದಕ್ಕಿಂತ ಆಚೆಗೆ ಗೆರೆ ಹಾಕುವುದು. ಗೆರೆಯಿಂದ ಆಚೆ ಬಿದ್ದವರಿಗೆ ಕಾಯಿಲೆಯ ಲಕ್ಷಣ, ಈಚೆ ಬಿದ್ದವರು ಪಾರು. ಇಷ್ಟು ವರ್ಷ ಅವಳ ಕೈ ಹೋಗಿ ಗೆರೆ ಹಾಕುವ ಜಾಗ ಒಂದೇ. ಅದಕ್ಕೇ ಹೊಸ ಹುಡುಗಿಯ ರಕ್ತ ಓಡಿ ಮುಗಿದು, ಪರದೆಯ ಆ ಮೂಲೆ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ ಉಳಿದಾಗ ಅವಳಿಗೆ ಮೊದಲು ಬಂದದ್ದು ಸಿಟ್ಟು.

"ಬಣ್ಣ ಹಾಕೋದು ಮರೆತೆಯಾ?"

"ಇಲ್ಲ ಮೇಡಂ, ನೀವೇ ಅಲ್ವಾ ಹಾಕಿದ್ದು," ಎಂದಳು ಹೊಸ ಹುಡುಗಿ. ತೋಳಿಗೆ ಒತ್ತಿಕೊಂಡ ಹತ್ತಿಯನ್ನು ಇನ್ನೂ ಬಿಟ್ಟಿರಲಿಲ್ಲ. "ಯಾಕೆ ಮೇಡಂ, ನನ್ನದೇನಾದರೂ ಕೆಟ್ಟದಾಗಿದೆಯಾ?"

ಹೌದಲ್ಲ, ತಾನೇ ಹಾಕಿದ್ದು. ಇನ್ನೊಂದು ಟ್ಯೂಬಿಗೆ ಹೊಸದಾಗಿ ಬಣ್ಣ ಹಾಕಿ ಓಡಿಸಿದಳು. ಖಾಲಿ. ಯಂತ್ರವೇ ಕೆಟ್ಟಿತೇನೋ ಎಂದು ಅಂದು ಬಂದ ರೋಗಿ ಮಗುವಿನ ರಕ್ತ ಓಡಿಸಿದರೆ ಮೂಲೆ ತುಂಬ ಚುಕ್ಕಿ. ಯಂತ್ರ ಸರಿಯಾಗೇ ಇತ್ತು. ಗಾಜು ತೊಳೆಯುವಾಕೆಯನ್ನು ಕರೆದು, "ಒಂಚೂರು ರಕ್ತ ಕೊಡ್ತೀರಾ?" ಎಂದು ಕೇಳಿದಳು. "ತಗೊಳ್ಳಿ ನಾರ್ಮಲಮ್ಮ, ಇರೋದೇ ಒಂಚೂರು," ಎಂದು ಆಕೆ ನಗುತ್ತಾ ಒದ್ದೆ ಕೈ ಒರೆಸಿಕೊಂಡು ಕೂತಳು. ಆಕೆಯ ಮೂಲೆಯೂ ಖಾಲಿ. ಅಲ್ಲೊಂದು ಇಲ್ಲೊಂದು ಚುಕ್ಕಿ, ದಾರಿ ತಪ್ಪಿ ಬಂದವು. ಅವಳು ಮೂಗು ಒರೆಸಿಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ, ಯಾರ ಸಹಾಯವನ್ನೂ ಕೇಳದೆ ತನ್ನ ಎಡತೋಳಿಗೆ ತಾನೇ ಪಟ್ಟಿ ಬಿಗಿದುಕೊಂಡಳು. ನೆಗಡಿ ಇದ್ದರೇನು, ಸುಮ್ಮನೆ ನೋಡುವುದಕ್ಕೆ.

ಅವಳ ರಕ್ತದ ಚುಕ್ಕಿಗಳು ಪರದೆಯ ಮೇಲೆ ಬೀಳತೊಡಗಿದವು. ಮೊದಲು ಕೆಳಗೆ, ಎಲ್ಲರಿಗೂ ಬೀಳುವ ಕಡೆ. ಆಮೇಲೆ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು, ನಾಲ್ಕು, ಒಂದು ಹಿಡಿ, ಒಂದು ಗುಂಪು. ಯಾವಾಗಲೂ ಇರುವ ಅದೇ ಗುಂಪು. ಅವಳು ಅದನ್ನು ಎಷ್ಟು ಸಲ ನೋಡಿದ್ದಳೆಂದರೆ ಅದು ಅವಳ ಕಣ್ಣಿಗೆ ಪರದೆಯದೇ ಭಾಗವಾಗಿಬಿಟ್ಟಿತ್ತು. ಮನುಷ್ಯರ ರಕ್ತ ಎಂದರೆ ಇಷ್ಟು ಇದ್ದೇ ಇರುತ್ತದೆ ಎಂದು ಅದರ ಆಚೆಗೆ ಗೆರೆ ಹಾಕುತ್ತಾ ಬಂದವಳು ಅವಳು. ನೆಗಡಿಗೆ ಹೀಗಾಗಿರಬೇಕು, ನೆಗಡಿಗೆ ಕೋಶಗಳು ಕೆರಳುವುದಿಲ್ಲವೇ? ಕೆರಳುತ್ತವೆ, ಆದರೆ ನೆಗಡಿಗೆ ಕೆರಳಿದ್ದು ಇನ್ಸುಲಿನ್ನಿನ ತುಣುಕಿನ ಮೇಲೆ ಯಾಕೆ ಹಲ್ಲು ಮಸೆಯುತ್ತದೆ? ಕಂಪ್ಯೂಟರಿನಲ್ಲಿ ಹಳೆಯ ಚಿತ್ರಗಳನ್ನು ತೆಗೆದಳು. ಹೋದ ತಿಂಗಳದ್ದು, ಹೋದ ವರ್ಷದ್ದು. ನೆಗಡಿ ಇಲ್ಲದ, ಗಟ್ಟಿಮುಟ್ಟಾಗಿದ್ದ, ಹಾಡು ಗುನುಗುತ್ತಾ ತೋಳು ಚಾಚಿದ ದಿನಗಳವು. ಎಲ್ಲದರಲ್ಲೂ ಆ ಗುಂಪು ಅದೇ ಮೂಲೆಯಲ್ಲಿ ಕೂತಿತ್ತು, ಮತ್ತೆ ಅದು ವರ್ಷದಿಂದ ವರ್ಷಕ್ಕೆ ದಟ್ಟವಾಗುತ್ತಾ ಬಂದಿತ್ತು. ಅದರ ಹಿಂದೆಯೇ ಅವಳ ಗೆರೆಯೂ ಚೂರು ಚೂರೇ ಆಚೆ ಸರಿಯುತ್ತಾ ಹೋಗಿತ್ತು. ಒಂದೇ ಜಾಗ ಎಂದುಕೊಂಡದ್ದೂ ಸುಳ್ಳು.

ಕಾಯಿಲೆಯ ಮಕ್ಕಳಿಗೂ ನಾರ್ಮಲ್ಲಿಗೂ ಇಷ್ಟು ಕಡಿಮೆ ವ್ಯತ್ಯಾಸ ಯಾಕೆ ಬರುತ್ತಿದೆ ಎಂದು ಡಾಕ್ಟರು ತಿಂಗಳುಗಟ್ಟಲೆ ತಲೆ ಕೆರೆದುಕೊಂಡಿದ್ದರು. ಆಸ್ಪತ್ರೆಯವರು ರಕ್ತವನ್ನು ಸರಿಯಾಗಿ ತಣ್ಣಗಿಟ್ಟು ಕಳಿಸುವುದಿಲ್ಲ ಎಂದು ಅವಳೇ ಅವರಿಗೆ ಸಮಜಾಯಿಷಿ ಕೊಟ್ಟಿದ್ದಳು. ಎಲ್ಲರ ಕಡೆ ಬೆರಳು ಹೋಗಿತ್ತು, ಕಣ್ಣೆದುರೇ ಇದ್ದ ತನ್ನ ತೋಳಿನ ಕಡೆ ಮಾತ್ರ ಹೋಗಿರಲಿಲ್ಲ. ಮೊದಲ ಸಲ ತೋಳು ಚಾಚಿದಾಗ ಅವರು ಕೇಳಿದ್ದರು, "ನಿಮ್ಮ ಮನೇಲಿ ಯಾರಿಗೂ ಈ ಕಾಯಿಲೆ ಇಲ್ಲ ತಾನೆ?" ಇಲ್ಲ ಸರ್ ಎಂದಿದ್ದಳು. ಆಗ ಇರಲೂ ಇಲ್ಲ. ಆಮೇಲೆ ಅಕ್ಕನ ಮಗ, ಆಗಿನ್ನೂ ಶಾಲೆಗೆ ಹೋಗತೊಡಗಿದ್ದವನು, ಒಣಗಿದ ಕಡ್ಡಿಯಂತಾಗಿ ಆಸ್ಪತ್ರೆ ಸೇರಿ, ಹೊಟ್ಟೆಗೆ ಸೂಜಿ ಚುಚ್ಚಿಸಿಕೊಳ್ಳುತ್ತಾ ಮನೆಗೆ ಬಂದ. ಲ್ಯಾಬಿನವರೆಲ್ಲ ಅಯ್ಯೋ ಪಾಪ ಎಂದರು, ಡಾಕ್ಟರು ಎರಡು ದಿನ ರಜೆ ಕೊಟ್ಟರು. ರಜೆ ಮುಗಿಸಿ ಬಂದವಳು ಮತ್ತೆ ಆ ಕುರ್ಚಿಯಲ್ಲಿ ಕೂತು ತೋಳು ಚಾಚಿದಳು. ಕಾಯಿಲೆಯವರ ರಕ್ತಸಂಬಂಧಿಗಳನ್ನು ಹೋಲಿಕೆಗೆ ಇಡಬಾರದೆಂಬ ನಿಯಮ ಅಲ್ಲಿದ್ದ ಅಷ್ಟೂ ಜನಕ್ಕೆ ಬಾಯಿಪಾಠ. ಯಾರಿಗೂ ನೆನಪಾಗಲಿಲ್ಲ. ನಾರ್ಮಲಮ್ಮನಿಗೆ ಮನೆ ಮಠ, ಅಕ್ಕ ತಂಗಿ ಇರಬಹುದೆಂದು ಯಾರಿಗೆ ಹೊಳೆಯಬೇಕು? ಅವಳಿಗೇ ಹೊಳೆಯಲಿಲ್ಲ.

"ಎಷ್ಟು ಸ್ಯಾಂಪಲ್ ಆಗಿದೆ ನಿಮ್ಮ ರಕ್ತ ಹೋಲಿಕೆಗೆ ಇಟ್ಟು?" ಎಂದು ಕೇಳಿದರು ಡಾಕ್ಟರು. ಅವಳು ಕರೆದದ್ದಕ್ಕೆ ಬಂದು ಪರದೆಯ ಮುಂದೆ ನಿಂತವರು ಮೊದಲು ಕೇಳಿದ ಮಾತು ಅದು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಎಲ್ಲಾನೂ ಸರ್."

"ಎಲ್ಲಾನೂ," ಎಂದರು. ಕೂತರು. ಆ ಮನುಷ್ಯನ ಮುಖದಲ್ಲಿ ವರ್ಷಗಳ ಕೆಲಸ ಇಳಿದುಹೋಗುವುದನ್ನು ಅವಳು ನೋಡಿದಳು. ಮರುಕ ಹುಟ್ಟಿತು, ಜೊತೆಗೆ ತನ್ನ ಬಗ್ಗೆ ಒಂದು ಮಾತನ್ನಾದರೂ ಕೇಳಲಿ ಎಂಬ ನಾಚಿಕೆಗೇಡಿನ ಆಸೆಯೂ. ಅವರು ಕೇಳಿದರು, ಬೇರೆಯದನ್ನು. "ಹಳೆಯ ಚಿತ್ರಗಳಿಗೆಲ್ಲ ಹೊಸ ಗೆರೆ ಹಾಕಿ ನೋಡೋಣ. ಯಾವುದಾದರೂ ಒಂದನ್ನ ತೆಗೀರಿ, ಈ ಹುಡುಗಿ ರಕ್ತದ ಲೆಕ್ಕದಲ್ಲಿ ಎಲ್ಲಿ ಬೀಳುತ್ತೆ ನೋಡೋಣ."

ಯಾವುದಾದರೂ ಒಂದು ಎಂದಾಗ ಅವಳ ಕೈ ತಾನಾಗಿ ಚಿನ್ನಿಯದರ ಮೇಲೆ ಹೋಯಿತು. ಚಿನ್ನಿ ಅಕ್ಕನ ಎರಡನೆಯ ಮಗು. ಅಣ್ಣನಿಗೆ ಬಂದದ್ದು ತಂಗಿಗೂ ಬಂದೀತೆಂದು ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು, ಭಾನುವಾರ ಬಂತೆಂದರೆ ಆ ಮಗುವಿನ ಬೆರಳು ಚುಚ್ಚಿ ನೋಡುತ್ತಿದ್ದಳು. ಭಾನುವಾರ ಬೆಳಗ್ಗೆ ಚಿನ್ನಿ ಮಂಚದ ಕೆಳಗೆ ಅವಿತುಕೊಳ್ಳುತ್ತಿತ್ತು. ಆಸ್ಪತ್ರೆಯವರು ತಂಗಿಗೂ ಒಂದು ರಕ್ತಪರೀಕ್ಷೆ ಮಾಡಿಸಿ, ಮುಂದೆ ಬರುವುದಿದ್ದರೆ ಮೊದಲೇ ಗೊತ್ತಾಗುತ್ತದೆ ಎಂದಿದ್ದರು. "ಅಲ್ಲಿಗೆಲ್ಲ ಯಾಕೆ ಹೋಗ್ತೀಯಾ ಅಕ್ಕ, ನಾನಿಲ್ಲವಾ? ಹಿತ್ತಲ ಗಿಡ ಮದ್ದಲ್ಲ ಅಂತೀಯಾ?" ಎಂದು ಅವಳೇ ರಜೆಯಲ್ಲೊಂದು ದಿನ ಮಗುವನ್ನು ಲ್ಯಾಬಿಗೆ ಕರೆತಂದು, ಇದೇ ಕುರ್ಚಿಯಲ್ಲಿ ಕೂರಿಸಿ, ಬಣ್ಣ ಹಾಕಿ, ಪರದೆಯ ಮುಂದೆ ತೊಡೆಯ ಮೇಲೆ ಕೂರಿಸಿಕೊಂಡು ತೋರಿಸಿದ್ದಳು. ನೋಡು, ಇದು ಚಿಕ್ಕಮ್ಮನ ಚುಕ್ಕಿ, ಇದು ಚಿನ್ನಿಯ ಚುಕ್ಕಿ, ಎರಡೂ ಒಂದೇ ಥರ ಇದೆಯಲ್ಲ? ಮಗು ಚಪ್ಪಾಳೆ ತಟ್ಟಿತ್ತು. ಆ ಸಂಜೆ ಅಕ್ಕನಿಗೆ ಫೋನಿನಲ್ಲಿ, "ಏನೂ ಇಲ್ಲ ಕಣೇ ಅಕ್ಕ, ನಿಶ್ಚಿಂತೆಯಾಗಿರು, ಥೇಟ್ ನನ್ನ ಥರಾನೇ ಇದೆ," ಎಂದಿದ್ದಳು. ಆ ಕಡೆಯಿಂದ ಅಕ್ಕ ಅಳುವುದು ಕೇಳಿಸಿತು. ಅಂದಿನಿಂದ ಭಾನುವಾರದ ಬೆರಳು ಚುಚ್ಚುವುದು ನಿಂತಿತು.

ಹೊಸ ಗೆರೆಯ ಆಚೆಗೆ ಚಿನ್ನಿಯ ಚುಕ್ಕಿಗಳು ಅಷ್ಟೂ ಹೋಗಿ ಕೂತವು.

ಡಾಕ್ಟರು ಏನೋ ಹೇಳುತ್ತಿದ್ದರು. ಹೊರಗೆ ಯಾರಿಗೂ ಸದ್ಯಕ್ಕೆ ಹೇಳುವುದು ಬೇಡ, ಮೊದಲು ಎಲ್ಲವನ್ನೂ ಮತ್ತೊಮ್ಮೆ, ಹೀಗೆ ಏನೋ. ಅವಳ ಕಿವಿಯಲ್ಲಿ ಅಕ್ಕನ ದನಿ ಇತ್ತು, ಈ ವಾರದ ಆರಂಭದಲ್ಲಿ ಫೋನಿನಲ್ಲಿ ಕೇಳಿದ್ದು. ನಗುತ್ತಾ ಬೈಯುತ್ತಾ ಅಕ್ಕ ದೂರು ಹೇಳಿದ್ದಳು: "ಕತ್ತೆ ಥರ ಬೆಳೆದಿದ್ದಾಳೆ, ಮತ್ತೆ ಹಾಸಿಗೆ ಒದ್ದೆ ಮಾಡ್ತಿದ್ದಾಳೆ ಕಣೇ ಇವಳು. ಬಿಟ್ಟೇ ಹೋಗಿತ್ತಲ್ಲ ಅದು. ನಾಚಿಕೆನೂ ಇಲ್ಲ." ಆಗ ಅವಳು ಏನು ಹೇಳಿದ್ದಳು? ಬಸ್ಸಿನಲ್ಲಿ ನಿಂತಿದ್ದಳು, ಒಂದು ಕೈ ಮೇಲಿನ ಕಂಬಿಗೆ, ಯಾರದೋ ಚೀಲ ಬೆನ್ನಿಗೆ ಒತ್ತುತ್ತಿತ್ತು. ನೆನಪಿನಲ್ಲಿ ಹುಡುಕಬೇಕಾಗಿರಲಿಲ್ಲ, ಮಾತು ಅಲ್ಲೇ ಇತ್ತು. "ಸಂಜೆ ಮೇಲೆ ನೀರು ಕೊಡಬೇಡ ಅಕ್ಕ, ಸರಿ ಹೋಗುತ್ತೆ." ಅಯ್ಯೋ! ಹಗಲೂ ರಾತ್ರಿ ಈ ಕಾಯಿಲೆಯ ಚುಕ್ಕಿ ನೋಡುವವಳು, ಮೈಯಿಂದ ಸಕ್ಕರೆ ನೀರಾಗಿ ಹರಿದುಹೋಗುತ್ತಿದ್ದ ಮಗುವಿಗೆ ನೀರು ಕೊಡಬೇಡ ಎಂದಿದ್ದಳು. ಬೇರೆ ಯಾರ ಮಗುವಿನ ಬಗ್ಗೆ ಇದೇ ಮಾತು ಕೇಳಿದ್ದರೂ ಬಸ್ಸಿನಿಂದ ಇಳಿದು ಓಡುತ್ತಿದ್ದಳು. ಚಿನ್ನಿಯದು ತನ್ನ ಥರ ಇತ್ತಲ್ಲ, ತನ್ನ ಥರ ಇದ್ದದ್ದಕ್ಕೆ ಏನು ಕೇಡು ಬಂದೀತು! ಅವಳು ಎದ್ದಳು. ಸ್ಟೂಲು ಮಗುಚಿ ಬಿತ್ತು. ಡಾಕ್ಟರು ಮಾತು ನಿಲ್ಲಿಸಿ, "ನೀವು ಸ್ವಲ್ಪ ಕೂತ್ಕೊಳ್ಳಿ, ನಿಮಗೂ..." ಎಂದದ್ದು ಬೆನ್ನ ಹಿಂದೆ ಕೇಳಿಸಿತು. ಕೇಳಲಿ ಎಂದು ಆಸೆಪಟ್ಟಿದ್ದ ಮಾತು ಈಗ ಬೇಡವಾಗಿತ್ತು.

ಅಕ್ಕ ಫೋನು ತೆಗೆಯಲಿಲ್ಲ. ಮನೆಯಲ್ಲೇ ಬಟ್ಟೆ ಹೊಲಿಯುವವಳು, ಮಶೀನು ತುಳಿಯುತ್ತಿದ್ದರೆ ಆಕಾಶ ಕಳಚಿ ಬಿದ್ದರೂ ಅವಳಿಗೆ ಕೇಳಿಸುವುದಿಲ್ಲ. ಭಾವ ಪ್ರೆಸ್ಸಿನಲ್ಲಿ ಹಗಲು ಪಾಳಿ, ಅಲ್ಲಿ ಫೋನು ಒಳಗೆ ಬಿಡುವುದಿಲ್ಲ. ಟ್ಯಾಕ್ಸಿಯಲ್ಲಿ ಕೂತು ಮತ್ತೆ ಮತ್ತೆ ಒತ್ತಿದಳು. ರಸ್ತೆ ಎಂದಿನಂತಿತ್ತು, ಹಾಗಿದ್ದದ್ದೇ ದಿಗಿಲು ಹುಟ್ಟಿಸುತ್ತಿತ್ತು. ಅಂಗಡಿಯವನು ಬಾಗಿಲಿಗೆ ನೀರು ಚಿಮುಕಿಸುತ್ತಿದ್ದ, ಇಬ್ಬರು ಹೆಂಗಸರು ಒಂದು ಸೋಫಾವನ್ನು ಓಣಿಯ ಮೂಲೆಯಲ್ಲಿ ತಿರುಗಿಸಲಾಗದೆ ನಗುತ್ತಾ ನಿಂತಿದ್ದರು, ಸಿಗ್ನಲ್ಲಿನಲ್ಲಿ ಡ್ರೈವರು ಹಲ್ಲಿಗೆ ಕಡ್ಡಿ ಹಾಕಿಕೊಂಡು, "ಏನಮ್ಮಾ, ಲೇಟಾಯ್ತಾ?" ಎಂದ. ಲೇಟಾಯ್ತಾ? ಹೋದ ಭಾನುವಾರ ಚಿನ್ನಿಯ ತೋಳು ಹಿಡಿದಾಗ ಬಳೆ ಮೊಣಕೈವರೆಗೂ ಜಾರಿತ್ತು. "ಉದ್ದ ಆಗ್ತಿದ್ದಾಳೆ, ಅದಕ್ಕೇ ಸಣ್ಣ ಕಾಣ್ತಾಳೆ," ಎಂದಿದ್ದಳು ಅಕ್ಕ. ಅವಳು ಹೂಂ ಎಂದಿದ್ದಳು. ಊಟದ ನಡುವೆ ಮಗು ಅಣ್ಣನ ಲೋಟ, ತನ್ನ ಲೋಟ, ಕೊನೆಗೆ ಚಿಕ್ಕಮ್ಮನ ಲೋಟವನ್ನೂ ಎತ್ತಿ ಕುಡಿದಾಗ, "ಎಲಾ ಇವಳಾ, ಕೆರೆ ಬತ್ತಿಸಿಬಿಡ್ತಾಳೆ," ಎಂದು ನಕ್ಕವಳೂ ಅವಳೇ. ಕಣ್ಣಿದ್ದೂ ಕುರುಡಿ. ಛೀ.

ಅಕ್ಕ ಬಾಗಿಲು ತೆರೆದಳು, ಕೊರಳಲ್ಲಿ ಅಳತೆ ಟೇಪು, ತುಟಿಯಲ್ಲಿ ಎರಡು ಗುಂಡುಸೂಜಿ. ಸೂಜಿ ತೆಗೆದು, "ಏನೇ ಇದು ಈ ಹೊತ್ತಿನಲ್ಲಿ? ನೆಗಡಿ ಜಾಸ್ತಿ ಆಯ್ತಾ? ಮುಖ ಏನು ಹಾಗಾಗಿದೆ?" ಎಂದಳು.

"ಚಿನ್ನಿ ಎಲ್ಲಿ?"

"ಮೆಲ್ಲಗೆ ಮಾತಾಡು, ಮಲಗಿದೆ. ಹೊಟ್ಟೆನೋವು ಅಂತ ಶಾಲೆಯಿಂದ ಕಳಿಸಿದರು, ಒಂದು ಸಲ ವಾಂತಿ ಆಯ್ತು. ಸುಸ್ತಾಗಿದ್ದಾಳೆ. ಅಂದ ಹಾಗೆ ನೀನು ಹೇಳಿದ ಹಾಗೇ ಮಾಡ್ತಿದ್ದೀನಿ ಕಣೇ, ಸಂಜೆ ಮೇಲೆ ಒಂದು ಗುಟುಕು ಕೊಡ್ತಿಲ್ಲ. ಏನು ಹಟ ಅಂತೀ, ನಿನ್ನೆ ಸ್ನಾನದ ಮನೆ ನಲ್ಲಿಗೇ ಬಾಯಿ ಹಾಕಿದ್ದಳು. ಎರಡು ಬಾರಿಸಿದೆ."

ಮಗು ಹೊಲಿಗೆ ಮಶೀನಿನ ಪಕ್ಕ, ಕತ್ತರಿಸಿ ಉಳಿದ ಬಟ್ಟೆಯ ರಾಶಿಯ ಮೇಲೆ ಮಲಗಿತ್ತು. ನಿದ್ದೆಯ ಉಸಿರಲ್ಲ ಅದು. ಓಡಿ ಬಂದವರ ಉಸಿರಿನಂತೆ ಆಳದಿಂದ ಎಳೆದೆಳೆದು ಬಿಡುತ್ತಿತ್ತು, ಆ ಉಸಿರಿಗೆ ಕೊಳೆಯಲು ಬಿದ್ದ ಹಣ್ಣಿನ ವಾಸನೆ ಇತ್ತು. ಕಟ್ಟಿದ ಮೂಗಿಗೂ ಬಡಿಯುವಷ್ಟು. ಕೂಗಿದಳು, ಕೆನ್ನೆ ತಟ್ಟಿದಳು. ಚಿನ್ನಿ ಅರ್ಧ ಕಣ್ಣು ತೆರೆದು, ಯಾರೆಂದು ಗುರುತಿಸದೆ ಮುಚ್ಚಿಕೊಂಡಿತು. ತುಟಿ ಬಿರಿದಿತ್ತು. "ಸಕ್ಕರೆ ನೋಡೋ ಮೀಟರ್ ತಾ ಅಕ್ಕ," ಎಂದಳು. ಅಕ್ಕ ಯಾಕೆಂದು ಕೇಳಲಿಲ್ಲ. ಮಗನ ಜೊತೆ ಇಷ್ಟು ವರ್ಷ ಬದುಕಿದವಳು, ಬಗ್ಗಿ ಒಮ್ಮೆ ಮಗುವಿನ ಬಾಯಿ ಮೂಸಿ ನೋಡಿದಳು, ಅಷ್ಟೆ. ಕೈಯಲ್ಲಿದ್ದ ಗುಂಡುಸೂಜಿ ನೆಲಕ್ಕೆ ಬಿದ್ದದ್ದು ಕೇಳಿಸಿತು. ಮೀಟರು ಅಂಕಿಯನ್ನೇ ತೋರಿಸಲಿಲ್ಲ. ತನ್ನ ಅಳತೆಗೆ ಮೀರಿದೆ ಎಂದು ಕೈಚೆಲ್ಲಿತು.

ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ತೆಗೆದುಕೊಂಡು ಪರದೆ ಎಳೆದರು. ಹೊರಗೆ ಗೋಡೆಗೆ ಬಿಗಿದ ಕುರ್ಚಿಗಳು, ತಿರುಗದ ಒಂದು ಫ್ಯಾನು. ಅಕ್ಕ ಕೂರಲಿಲ್ಲ. ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿತ್ತು, ಅದರ ತುದಿಯನ್ನು ಬೆರಳಿಗೆ ಸುತ್ತುವುದು ಬಿಚ್ಚುವುದು ಮಾಡುತ್ತಿದ್ದಳು. ಪರದೆಯ ಆಚೆಯಿಂದ ಮಗು ಅಳುವುದೂ ಕೇಳಿಸಲಿಲ್ಲ. ಸೂಜಿ ಚುಚ್ಚಿದರೂ ಅಳದ ಚಿನ್ನಿ. ಅಳೇ ತಾಯಿ, ಒಮ್ಮೆ ಅಳೇ, ಎಂದು ಅವಳು ಒಳಗೇ ಬೇಡಿಕೊಳ್ಳುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಸಣ್ಣಗೆ ಒಂದು ಅಳು ಬಂತು, ಅಮ್ಮಾ ಎಂದು. ಅಕ್ಕ ಗೋಡೆಗೆ ಹಣೆ ಹಚ್ಚಿ ನಿಂತಳು. ಮಕ್ಕಳ ಡಾಕ್ಟರು ಹೊರಬಂದು, "ರಕ್ತದಲ್ಲಿ ಆಮ್ಲ ಸೇರಿಬಿಟ್ಟಿದೆ, ಆದರೆ ತಂದದ್ದು ಒಳ್ಳೇದಾಯ್ತು, ಮಗು ಚೇತರಿಸ್ಕೊಳ್ಳುತ್ತೆ," ಎಂದರು. ಆಮೇಲೆ ದನಿ ತಗ್ಗಿಸಿ, "ಇವಳಿಗೂ ಇನ್ನು ದಿನಾ ಇನ್ಸುಲಿನ್ ಬೇಕಾಗುತ್ತಮ್ಮ, ನಿಮಗೆ ಗೊತ್ತೇ ಇದೆ," ಎಂದರು. ಅಕ್ಕ ಗೊತ್ತು ಎಂದು ತಲೆಯಾಡಿಸಿದಳು. ಡಾಕ್ಟರು ಒಳಗೆ ಹೋದ ಮೇಲೆ ತಂಗಿಯ ಎರಡೂ ಕೈ ಹಿಡಿದುಕೊಂಡಳು.

"ನೀನು ಬರದಿದ್ದರೆ ನನ್ನ ಕೂಸು ಇವತ್ತು ಉಳೀತಿರಲಿಲ್ಲ ಕಣೇ. ಮಗು ಮಲಗಿದೆ ಅಂತ ನಾನು ಬಟ್ಟೆ ಹೊಲೀತಾ ಕೂತಿದ್ದೆ. ಅದು ಹೇಗೆ ಹೊಳೀತೇ ನಿನಗೆ, ದೇವರು ಹೇಳಿದ ಹಾಗೆ ಬಂದೆಯಲ್ಲ!"

ಅಷ್ಟಕ್ಕೇ ಬಿಡಬಹುದಿತ್ತು. ಅಕ್ಕನ ಕೈ ಬೆಚ್ಚಗಿತ್ತು. ಅಂದದ ಅಕ್ಕ, ತನ್ನನ್ನು ಜೀವಮಾನದಲ್ಲಿ ಮೊದಲ ಸಲ ಹೀಗೆ ತಲೆಯೆತ್ತಿ ನೋಡುತ್ತಿದ್ದಳು, ಆ ನೋಟವನ್ನು ಇನ್ನೂ ಸ್ವಲ್ಪ ಹೊತ್ತು ಇಟ್ಟುಕೊಳ್ಳಬೇಕೆಂದು ಆಸೆಯಾಯಿತು. ಎಂಥ ಹೊತ್ತಿನಲ್ಲಿ ಎಂಥ ಆಸೆ! ತನ್ನ ಮೇಲೆ ತನಗೇ ಅಸಹ್ಯವಾಯಿತು. ಅದಕ್ಕೇ ಹೇಳಿಬಿಟ್ಟಳು, ಮೃದು ಮಾಡದೆ.

"ದೇವರು ಹೇಳಿದ್ದಲ್ಲ ಅಕ್ಕ. ನಾನು ಅವತ್ತು ಚಿನ್ನಿ ರಕ್ತ ನೋಡಿ, ನನ್ನ ಥರಾನೇ ಇದೆ ಅಂದೆನಲ್ಲ. ಅದು ನಿಜಾನೇ. ನನ್ನದೇ ಸರಿ ಇರಲಿಲ್ಲ. ನನ್ನದನ್ನೇ ಸರಿ ಅಂತ ಇಟ್ಟುಕೊಂಡು ಅವಳದನ್ನ ಅಳೆದೆ. ಇವತ್ತು ಮಧ್ಯಾಹ್ನ ಗೊತ್ತಾಯ್ತು. ಬೇರೆ ಯಾರ ರಕ್ತದ ಪಕ್ಕ ಇಟ್ಟಿದ್ದರೂ ಅವತ್ತೇ ಕಾಣ್ತಿತ್ತು."

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. "ಅವತ್ತೇ ಕಾಣ್ತಿತ್ತಾ?" ಎಂದು ನಿಧಾನಕ್ಕೆ ಕೇಳಿದಳು. "ನೀನು ಏನೂ ಇಲ್ಲ ಅಂದೆ ಅಂತ ನಾನು ಆಸ್ಪತ್ರೆ ಪರೀಕ್ಷೆ ಬೇಡ ಅಂದೆ. ನೀನು ಅಂದೆ ಅಂತ ಬೆರಳು ಚುಚ್ಚೋದು ಬಿಟ್ಟೆ. ನೀರು ಕೊಡಬೇಡ ಅಂದೆ..." ಅಲ್ಲಿಗೆ ದನಿ ನಿಂತಿತು, ಕೈ ಎದ್ದಿತು. ಹೊಡೆತ ಕೆನ್ನೆಗಿಂತ ಕಿವಿಗೆ ಹೆಚ್ಚು ಬಿತ್ತು. ಎದುರು ಕುರ್ಚಿಯ ಮುದುಕ ಮುಖ ಎತ್ತಿ ನೋಡಿ, ನೋಡಬಾರದ್ದೆಂದು ತಗ್ಗಿಸಿಕೊಂಡ. ಅವಳಿಗೆ ನೋಯಲಿಲ್ಲ. ಇನ್ನೊಂದು ಬೀಳಲೆಂದು ಹಾಗೇ ನಿಂತಿದ್ದಳು. ಬೀಳಲಿಲ್ಲ. ಅಕ್ಕ ಎತ್ತಿದ ಕೈಯನ್ನು ಅಲ್ಲೇ ಮರೆತು ಅವಳನ್ನೇ ದಿಟ್ಟಿಸುತ್ತಿದ್ದಳು, ಈಗ ಸಿಟ್ಟಿನಿಂದಲ್ಲ.

"ನಿನ್ನದೇ ಸರಿ ಇರಲಿಲ್ಲ ಅಂದರೆ ಏನೇ?"

ಮಧ್ಯಾಹ್ನದಿಂದ ಟ್ಯಾಕ್ಸಿ, ಓಣಿ, ಮೆಟ್ಟಿಲು, ಮಗುವಿನ ಉಸಿರು, ಇಷ್ಟೆಲ್ಲದರ ನಡುವೆ ಆ ಪ್ರಶ್ನೆಗೆ ಅವಳು ಒಂದು ಸಲವೂ ಎದುರಾಗಿರಲಿಲ್ಲ. ಮೂಲೆಯಲ್ಲಿ ದಟ್ಟವಾಗುತ್ತಾ ಬಂದ ಗುಂಪು ಯಾರದು? ಅದು ಯಾವ ಮೈಯೊಳಗೆ ಕೂತು ಇಷ್ಟು ವರ್ಷ ಏನು ಮಾಡುತ್ತಿತ್ತು? ಬೇರೆಯವರ ರಕ್ತದ ಬಗ್ಗೆ ಯೋಚಿಸಿದ ಹಾಗೆ ಯೋಚಿಸಿದ್ದಳು. ಇಷ್ಟು ರಕ್ತ ಕೊಟ್ಟವಳು ಅದರಲ್ಲಿ ಸಕ್ಕರೆ ಎಷ್ಟಿದೆಯೆಂದು ಒಂದು ದಿನವೂ ನೋಡಿರಲಿಲ್ಲ, ಅಲ್ಲಿ ಯಾರೂ ನೋಡುವುದಿಲ್ಲ, ಅಲ್ಲಿ ಬೇಕಾದದ್ದು ಕೋಶ ಮಾತ್ರ. ಕುರ್ಚಿ ಎಲ್ಲಿದೆಯೆಂದು ಕೈಯಲ್ಲಿ ತಡಕಿ ಕೂತಳು.

ಅಕ್ಕ ಪಕ್ಕದಲ್ಲಿ ಕೂತು ಚೀಲದಿಂದ ಮೀಟರು ತೆಗೆದಳು. "ಕೈ ಕೊಡು."

"ಆಮೇಲೆ ಅಕ್ಕ. ಮೊದಲು ಚಿನ್ನಿದು ಮುಗೀಲಿ."

"ಕೈ ಕೊಡೇ ಅಂದರೆ." ಬೆರಳನ್ನು ಹಿಡಿದು, ತುದಿಯನ್ನಲ್ಲ, ಪಕ್ಕವನ್ನು ಹಿಂಡಿ, ಮಗನಿಗೆ ಚುಚ್ಚಿ ಚುಚ್ಚಿ ಬಂದ ಕೈಚಳಕದಲ್ಲಿ ಚುಚ್ಚಿದಳು. ಹನಿ ಮೂಡಿತು. ಮೀಟರಿನ ಪಟ್ಟಿ ಅದನ್ನು ಎಳೆದುಕೊಂಡಿತು. "ಏನು ತಿಂದಿದ್ದೀ ಬೆಳಗ್ಗೆಯಿಂದ?"

"ಏನೂ ಇಲ್ಲ. ಬೆಳಗ್ಗೆ ನೆಗಡಿಗೆ ಬಾಯಿ ರುಚಿ ಇರಲಿಲ್ಲ, ಆಮೇಲೆ ಓಡಿದ್ದೇ ಆಯ್ತು."

ಮೀಟರು ಕೂಗಿತು. ಅಕ್ಕ ಅದನ್ನು ಅವಳ ಕಡೆಗೆ ತಿರುಗಿಸಲಿಲ್ಲ. ನೋಡಿದಳು, ಇನ್ನಷ್ಟು ಹತ್ತಿರ ಹಿಡಿದು ನೋಡಿದಳು. "ಹೊಟ್ಟೆಗೇನೂ ಇಲ್ಲದೆ ಇಷ್ಟಾ?" ಎಂದು ಕೇಳಿದ್ದು ತಂಗಿಯನ್ನಲ್ಲ, ಮೀಟರನ್ನು. ಆಮೇಲೆ ಎದ್ದು, ರಕ್ತ ಇನ್ನೂ ಜಿನುಗುತ್ತಿದ್ದ ಅವಳ ಕೈಯನ್ನು ಮಣಿಕಟ್ಟಿನ ಹತ್ತಿರ ಬಿಗಿಯಾಗಿ ಹಿಡಿದು, ಪರದೆಯ ತನಕ ಎಳೆದುಕೊಂಡು ಹೋದಳು.

"ಸಿಸ್ಟರ್," ಎಂದಳು ಅಕ್ಕ, "ನಮ್ಮನೇದು ಇನ್ನೊಂದು ಇದೆ. ಇದನ್ನೂ ಸ್ವಲ್ಪ ನೋಡಿ."

ನರ್ಸು ಪರದೆ ಸರಿಸಿ, ಅವರಿಬ್ಬರ ಹಿಂದೆ ಇನ್ನೊಂದು ಮಗುವನ್ನು ಹುಡುಕಿದಳು.